ಮೂರು ಫಿಲ್ಟರ್‌ಗೆ ಮಣಿದ ಕೋಣೆ

"ಸ್ಪೀಕರ್ ಮುದಿಯಾಯ್ತು, ಎಸೆದು ಹೊಸದು ತಗೋ ಮಾರಾಯ." ಎರಡು ವರ್ಷ ಇದೇ ಮಾತು ಕೇಳಿದ್ದೇನೆ. ಹೇಳಿದವರೆಲ್ಲ ನನಗಿಂತ ಜಾಸ್ತಿ ದುಡ್ಡು ಸುರಿದವರು. ಈಗ ಅದೇ ಹಳೆ ಸ್ಪೀಕರ್ ಅವರ ಮುಂದೆಯೇ ಹಾಡುತ್ತಿದೆ. ಹೇಗೆ ಮಾಡಿದೆ ಅಂತ ಎಲ್ಲರೂ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನನ್ನದು ಎಂಟಿಂಚಿನ ವೂಫರ್ (ಬೇಸ್, ಅಂದರೆ ತಗ್ಗು ಸದ್ದು ನುಡಿಸುವ ದೊಡ್ಡ ಕೋನ್) ಇರುವ ಹಳೆ ಜೋಡಿ. ಕೋನ್ ಸುತ್ತಲಿನ ಫೋಮ್ ಮುಟ್ಟಿದರೆ ಉದುರುತ್ತಿತ್ತು, ಅದನ್ನು ನಾನೇ ಬದಲಿಸಿದೆ. ಸದ್ದನ್ನು ವೂಫರ್‌ಗೂ ಟ್ವೀಟರ್‌ಗೂ (ಚೂಪು ಸದ್ದಿನ ಸಣ್ಣ ಸ್ಪೀಕರ್) ಹಂಚುವ ಕ್ರಾಸ್‌ಓವರ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೂ ಕಿತ್ತು ಹೊಸದು ಹಾಕಿದೆ. ಇಷ್ಟೆಲ್ಲ ಆದ ಮೇಲೂ ಒಂದು ಕಾಟ ಉಳಿಯಿತು. ಬೇಸ್ ಗಿಟಾರಿನ ದಪ್ಪ ತಂತಿ ಮೀಟಿದಾಗಲೆಲ್ಲ ಕೋಣೆ ಧುಂ ಅಂತ ತುಂಬಿಕೊಳ್ಳುತ್ತಿತ್ತು. ಮೇಲಿನ ತಂತಿಗೆ ಹೋದರೆ ಏನೂ ಇಲ್ಲ. ಒಂದೇ ಸ್ವರಕ್ಕೆ ಇಷ್ಟು ಗಲಾಟೆ ಅಂದರೆ ಅದು ಸ್ಪೀಕರಿನ ಕೆಲಸ ಅಲ್ಲ, ಕೋಣೆಯದು ಅಂತ ನನಗೆ ಆಗಲೇ ಅನುಮಾನ ಬಂದಿತ್ತು. ಆ ಅನುಮಾನವನ್ನು ನಂಬದೆ ಕೈಯಲ್ಲಿದ್ದ ದುಡ್ಡು ಕಳೆದೆ.

ಮೊದಲು ಗೋಡೆಗೆ ಎರಡಿಂಚಿನ ಫೋಮ್ ಅಂಟಿಸಿದೆ. ಚಪ್ಪಾಳೆ ತಟ್ಟಿದರೆ ಸದ್ದು ಒಣಗಿದ ಹಾಗೆ ಕೇಳಿಸಿತು, ಬೇಸ್ ಮಾತ್ರ ಒಂದು ಕೂದಲೂ ಅಲುಗಲಿಲ್ಲ. ಆಮೇಲೆ ಬೆರಳು ದಪ್ಪದ ಸ್ಪೀಕರ್ ಕೇಬಲ್. ಅದರ ವಿಷಯ ಮುಂದೆ ಹೇಳುತ್ತೇನೆ. ಮೂರನೆಯದು ಸಬ್‌ವೂಫರ್, ಎಲ್ಲಕ್ಕಿಂತ ದೊಡ್ಡ ಪೆಟ್ಟು ಅದೇ. ಗುಡುಗುವ ಕೋಣೆಗೆ ಇನ್ನಷ್ಟು ಗುಡುಗು ತುಂಬಿದಂತಾಯಿತು. ನಾಲ್ಕು ತಿಂಗಳಿಗೆ ಮಾರಿದೆ. ಕೊಟ್ಟ ದುಡ್ಡಿನಲ್ಲಿ ನೂರಕ್ಕೆ ಅರವತ್ತು ವಾಪಸ್ ಬಂದಿರಬೇಕು. ಹೋದ ನಲವತ್ತು ಇದೆಯಲ್ಲ, ಕೊನೆಗೆ ಕೆಲಸ ಮಾಡಿದ ಇಡೀ ಸೆಟಪ್‌ಗೆ ಖರ್ಚಾಗಿದ್ದು ಹೆಚ್ಚುಕಮ್ಮಿ ಅಷ್ಟೇ. ಅಳೆಯುವ ಮೈಕ್, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಅನಲಾಗ್ ಸಂಕೇತ ಮಾಡುವ ಡ್ಯಾಕ್ ಬೋರ್ಡ್ ಎಲ್ಲ ಸೇರಿ.

ಮೈಕಿನಲ್ಲಿ ಉಳಿತಾಯ ಮಾಡಬೇಡಿ. ಶುರುವಿಗೆ ಫೋನ್ ಮೈಕ್‌ನಲ್ಲೇ ಅಳೆದು ಒಂದು ತಿಂಗಳು ಹಾಳು ಮಾಡಿಕೊಂಡೆ. ಫೋನು ಕೆಳಗಿನ ಸದ್ದನ್ನು ತಾನೇ ಕತ್ತರಿಸುತ್ತೆ, ನಾಯ್ಸ್ ಅಂದುಕೊಂಡು ಇನ್ನೊಂದಿಷ್ಟು ನುಂಗುತ್ತೆ. ಆ ಗ್ರಾಫ್ ನೋಡಿ ನಾನು ಬೇಸ್ ಕಮ್ಮಿ ಇದೆ ಅಂತ ಏರಿಸುತ್ತಾ ಕೂತಿದ್ದೆ! ತನ್ನ ತಪ್ಪು ಎಷ್ಟು ಅಂತ ಹೇಳುವ ಕ್ಯಾಲಿಬ್ರೇಶನ್ ಫೈಲ್ ಜೊತೆಗೆ ಬರುವ ಯುಎಸ್‌ಬಿ ಮೈಕ್ ತಂದ ಮೇಲೆಯೇ ನಿಜ ಕಂಡಿದ್ದು. ಅಳೆಯಲು ಆರ್‌ಇಡಬ್ಲ್ಯು ಅನ್ನುವ ಸಾಫ್ಟ್‌ವೇರ್ ಬಳಸಿದೆ. ಅದು ಓಪನ್ ಸೋರ್ಸ್ ಅಲ್ಲ, ಆದರೆ ಉಚಿತ, ಅದರ ಸಮಕ್ಕೆ ನಿಲ್ಲುವ ಇನ್ನೊಂದು ನನಗೆ ಸಿಕ್ಕಿಲ್ಲ.

ಮೊದಲ ಸ್ವೀಪ್ (ತಗ್ಗಿನಿಂದ ಮೇಲಿನವರೆಗೆ ಏರುವ ಪರೀಕ್ಷೆ ಸದ್ದು) ಹಾಕಿದ ರಾತ್ರಿ ಚೆನ್ನಾಗಿ ನೆನಪಿದೆ. ಗೆರೆ ಎಡಗಡೆಯಿಂದ ಏರಿ 41 ಹರ್ಟ್ಜ್ ಹತ್ತಿರ ಗೋಪುರದ ಹಾಗೆ ನಿಂತಿತು, ಸುತ್ತಮುತ್ತಲಿಗಿಂತ 12 ಡಿಬಿ (ಡೆಸಿಬೆಲ್, ಸದ್ದಿನ ಜೋರಿನ ಅಳತೆ) ಮೇಲೆ ಇದ್ದಿರಬೇಕು. 82ರಲ್ಲಿ ಇನ್ನೊಂದು, 10 ಡಿಬಿ ಆಸುಪಾಸು. ಟೇಪ್ ಹಿಡಿದು ಕೋಣೆಯ ಉದ್ದ ಅಳೆದೆ. 4.2 ಮೀಟರ್. ಎದುರು ಬದುರು ಗೋಡೆಗಳ ನಡುವೆ ಸದ್ದು ಹೋಗಿ ಬರುವ ದೂರಕ್ಕೆ ಸರಿಹೊಂದುವ ಸ್ವರ ಕೋಣೆಯಲ್ಲಿ ಉಬ್ಬುತ್ತೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಭಾಗಿಸು ಎರಡು ಪಟ್ಟು 4.2. 40.8 ಬಂತು. ಅದರ ಎರಡರಷ್ಟು 82. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ 41.2 ಹರ್ಟ್ಜ್. ಎರಡು ವರ್ಷದ ತಲೆನೋವು ಒಂದು ಭಾಗಾಕಾರದಲ್ಲಿ ಎದುರಿಗೆ ಕೂತಿತ್ತು. ಅವತ್ತು ನಿದ್ದೆ ಬರಲಿಲ್ಲ.

ಡ್ಯಾಕ್‌ಗೆ ಪಿಸಿಎಂ5102 ಚಿಪ್ ಇರುವ ಸಣ್ಣ ಬೋರ್ಡ್ ಹಾಕಿದೆ. ಪೈಯಿಂದ ಡ್ಯಾಕ್‌ಗೆ ಡಿಜಿಟಲ್ ಹಾಡು ಸಾಗಿಸುವ ಐ2ಎಸ್ ತಂತಿ ಜೋಡಿಸಿದೆ. ಪೈಯ ಕಾನ್ಫಿಗ್ ಫೈಲಿನಲ್ಲಿ ಹೈಫೈಬೆರಿ ಡ್ಯಾಕ್ ಓವರ್‌ಲೇ (ಯಾವ ಬೋರ್ಡ್ ಇದೆ ಅಂತ ಹೇಳುವ ಸೆಟ್ಟಿಂಗ್) ಒಂದು ಸಾಲು ಸೇರಿಸಿದರೆ ಲಿನಕ್ಸ್ ಬೋರ್ಡನ್ನು ಗುರುತಿಸುತ್ತೆ. ಗುರುತಿಸಿತು, ಹಾಡು ಓಡುತ್ತಿದೆ ಅಂತಲೂ ತೋರಿಸಿತು, ಸದ್ದು ಮಾತ್ರ ಇಲ್ಲ. ಎರಡು ಸಂಜೆ ಸಾಫ್ಟ್‌ವೇರನ್ನೇ ಬೈದುಕೊಂಡೆ. ಕೊನೆಗೆ ಭೂತಗನ್ನಡಿಯಲ್ಲಿ ಬೋರ್ಡಿನ ಬೆನ್ನು ನೋಡಿದರೆ ನಾಲ್ಕು ಸಾಲು ಬೆಸುಗೆ ಗುರುತು ಇದೆ, ಮೂರನೆಯದು ಖಾಲಿ. ಅದು ಮ್ಯೂಟ್ ಪಿನ್. ಅದನ್ನು ಹೈ ಕಡೆಗೆ ಬೆಸೆಯದಿದ್ದರೆ ಚಿಪ್ ಬಾಯಿ ಮುಚ್ಚಿಕೊಂಡೇ ಇರುತ್ತೆ. ಸಾಸಿವೆಯಷ್ಟು ಲೆಡ್ ಇಟ್ಟು ಕಾವು ಕೊಟ್ಟೆ, ಹಾಡು ಬಂತು. ಮುಂಭಾಗದ ಎಸ್‌ಸಿಕೆ (ಕ್ಲಾಕ್ ಪಿನ್) ಗುರುತನ್ನೂ ಗ್ರೌಂಡ್‌ಗೆ ಬೆಸೆಯಿರಿ, ಇಲ್ಲದಿದ್ದರೆ ಚಿಟಪಟ ಸದ್ದು ಕಾಡುತ್ತೆ.

ಫಿಲ್ಟರ್ ಕೆಲಸಕ್ಕೆ, ಅಂದರೆ ಬೇಕಾದ ಸ್ವರವನ್ನಷ್ಟೇ ಇಳಿಸಲು ಏರಿಸಲು, ಕ್ಯಾಮಿಲ್ಲಾಡಿಎಸ್‌ಪಿ ಅನ್ನುವ ಸಾಫ್ಟ್‌ವೇರ್. ರಸ್ಟ್ ಭಾಷೆಯಲ್ಲಿ ಬರೆದದ್ದು, ಪೈ 4ಗೆ ಅದು ಭಾರವೇ ಅಲ್ಲ. ನಾನು ಎಡವಿದ್ದು ದುರಾಸೆಯಿಂದ. 20ರಿಂದ 20,000 ಹರ್ಟ್ಜ್‌ವರೆಗೆ ಗೆರೆ ನೆಟ್ಟಗೆ ಬರಲಿ ಅಂತ 65,536 ಟ್ಯಾಪಿನ (ಅಷ್ಟು ಅಂಕಿಗಳ ಉದ್ದದ) ಲೀನಿಯರ್ ಫೇಸ್ ಫಿಲ್ಟರ್ (ಎಲ್ಲ ಸ್ವರವನ್ನೂ ಒಂದೇ ಸಮ ತಡಮಾಡುವಂಥದ್ದು) ಮಾಡಿಸಿದೆ. ಗ್ರಾಫ್ ಗಾಜಿನ ಹಾಗೆ ಬಂತು. ಹಾಡು ಸತ್ತುಹೋಗಿತ್ತು. ತಲೆ ಒಂದು ಗೇಣು ಪಕ್ಕಕ್ಕೆ ಸರಿದರೆ ಟ್ರೆಬಲ್ ಬದಲಾಗುತ್ತಿತ್ತು, ಯಾಕಂದರೆ ಆ ಫಿಲ್ಟರ್ ತಿದ್ದಿದ್ದು ಮೈಕ್ ಇದ್ದ ಒಂದು ಚುಕ್ಕೆಯನ್ನು. ವಿಡಿಯೊ ಹಾಕಿದರೆ ತುಟಿ ಮೊದಲು, ಮಾತು ಮುಕ್ಕಾಲು ಸೆಕೆಂಡ್ ಆಮೇಲೆ.

ಅದರಲ್ಲೇ ಇನ್ನೊಂದು ಹೊಂಡಕ್ಕೂ ಬಿದ್ದೆ. ಫಿಲ್ಟರ್ ಫೈಲ್ ಮಾಡಿದ್ದು 44.1 ಕಿಲೋಹರ್ಟ್ಜ್ ಸ್ಯಾಂಪಲ್ ರೇಟ್‌ಗೆ (ಸೆಕೆಂಡಿಗೆ ಸದ್ದಿನ ಎಷ್ಟು ಅಳತೆ ಅನ್ನುವ ಲೆಕ್ಕ), ಪೈ ಓಡುತ್ತಿದ್ದದ್ದು 48ರಲ್ಲಿ. 41ರಲ್ಲಿ ಕತ್ತರಿಸಬೇಕಾದದ್ದು 44.6ರಲ್ಲಿ ಕತ್ತರಿಸುತ್ತಿತ್ತು. ಗುಡುಗು ಹಾಗೇ ಇದೆ, ಪಕ್ಕದ ಸ್ವರ ಮಾಯ. ಅದನ್ನು ಹಿಡಿಯಲು ಎರಡು ವಾರಾಂತ್ಯ ಹೋಯಿತು. ಪ್ಯಾರಾಮೆಟ್ರಿಕ್ ಫಿಲ್ಟರಿಗೆ ಈ ಕಾಟ ಇಲ್ಲ. ಹರ್ಟ್ಜ್ ಎಷ್ಟು ಅಂತ ಬರೆದರೆ ಉಳಿದ ಲೆಕ್ಕ ಅದೇ ಮಾಡಿಕೊಳ್ಳುತ್ತೆ.

ಮೂರನೇ ಸೋಲು 95 ಹರ್ಟ್ಜ್‌ನ ಗುಂಡಿ. ಗೆರೆ ಅಲ್ಲಿ ಆಳಕ್ಕೆ ಇಳಿದಿತ್ತು. 9 ಡಿಬಿ ಏರಿಸಿದೆ. 9 ಡಿಬಿ ಅಂದರೆ ಆಂಪ್‌ಗೆ ಎಂಟು ಪಟ್ಟು ಪವರ್. ಗುಂಡಿ ತುಂಬಲೇ ಇಲ್ಲ, ವೂಫರ್ ಒದ್ದಾಡಿತು, ಆಂಪ್ ಶಕ್ತಿ ಮೀರಿ ಕ್ಲಿಪ್ ಆಯಿತು (ಸದ್ದು ಒಡೆಯಿತು). ಸ್ಪೀಕರಿನ ಬೆನ್ನ ಹಿಂದಿನ ಗೋಡೆಗೂ ಕೋನ್‌ಗೂ ನಡುವೆ 90 ಸೆಂ.ಮೀ. ಇತ್ತು. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಸರಿಯಾಗಿ ಅಲ್ಲಿ ಎದುರು ಬದುರಾಗಿ ಒಂದನ್ನೊಂದು ತಿಂದುಹಾಕುತ್ತೆ. ನೀವು ಎಷ್ಟು ಕೊಟ್ಟರೂ ಅಷ್ಟೇ ಜೋರಾಗಿ ತಿನ್ನುತ್ತೆ, ಅಲ್ವಾ? ಸ್ಪೀಕರನ್ನು ಗೋಡೆಯಿಂದ ದೂರ ಇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಉಲ್ಟಾ ಮಾಡಿದೆ. ಕೋನ್‌ನಿಂದ ಗೋಡೆಗೆ 35 ಸೆಂ.ಮೀ. ಆಗುವಷ್ಟು ಹಿಂದಕ್ಕೆ ತಳ್ಳಿದೆ. ಗುಂಡಿ 245ರ ಹತ್ತಿರಕ್ಕೆ ಜಿಗಿದು, ಅಲ್ಲಿ ಕಿವಿಗೆ ಗೊತ್ತೇ ಆಗದಷ್ಟು ಸಣ್ಣದಾಯಿತು. ಬೇಸ್ ಒಟ್ಟಾರೆ ಏರಿತು ನಿಜ. ಏರಿದ್ದನ್ನು ಕತ್ತರಿಸಬಹುದು, ಇಲ್ಲದ್ದನ್ನು ತರಲಾಗದು. ಫಿಲ್ಟರ್ ಬರೆಯುವಾಗ ನಾನು ಹಿಡಿದುಕೊಂಡಿದ್ದು ಇದೊಂದನ್ನೇ.

ಆಮೇಲೆ ಕುರ್ಚಿ. ಅದು ಹಿಂದಿನ ಗೋಡೆಗೆ ಒರಗಿಕೊಂಡಿತ್ತು. 70 ಸೆಂ.ಮೀ. ಮುಂದೆ ಎಳೆದೆ. 82ರ ಉಬ್ಬು 10ರಿಂದ 4ಕ್ಕೆ ಬಂತು, ದುಡ್ಡೂ ಇಲ್ಲ, ಸಾಫ್ಟ್‌ವೇರೂ ಇಲ್ಲ. 41 ಮಾತ್ರ ಹೆಚ್ಚು ಅಲುಗಲಿಲ್ಲ. ಅದು ಬಗ್ಗಬೇಕಾದರೆ ಕೋಣೆಯ ನಡುಮಧ್ಯೆ ಕೂರಬೇಕು, ಅದು ಆಗದ ಮಾತು.

ಉಳಿದದ್ದಕ್ಕೆ ಮೂರೇ ಫಿಲ್ಟರ್. 41ಕ್ಕೆ ಮೈನಸ್ 10, ಕ್ಯೂ (ಹೆಚ್ಚಾದಷ್ಟೂ ಕತ್ತರಿಸುವ ಪಟ್ಟಿ ಕಿರಿದು) 6 ಆಸುಪಾಸು. 82ಕ್ಕೆ ಮೈನಸ್ 4. ಸೂರಿನ ಎತ್ತರದಿಂದ ಬರುತ್ತಿದ್ದ 61ಕ್ಕೆ ಮೈನಸ್ 3. ಏರಿಸಿದ್ದು ಒಂದೂ ಇಲ್ಲ. ಸದ್ದು ಎಷ್ಟು ಹೊತ್ತಿಗೆ ಆರುತ್ತೆ ಅಂತ ತೋರಿಸುವ ವಾಟರ್‌ಫಾಲ್ ಗ್ರಾಫ್ ತೆಗೆದಾಗ ಇನ್ನೊಂದು ಖುಷಿ ಕಾದಿತ್ತು. 41ರ ಉಬ್ಬು ಮಾತ್ರ ಅಲ್ಲ, ಅದರ ಹಿಂದೆ ಎಳೆಯುತ್ತಿದ್ದ ಬಾಲವೂ ಅರ್ಧಕ್ಕಿಂತ ಚಿಕ್ಕದಾಗಿತ್ತು. ಡ್ರಮ್ಮಿನ ಕಿಕ್ ಬಡಿದು ನಿಂತುಬಿಡುತ್ತೆ ಈಗ.

ಗೆಳೆಯರಿಗೆ ಕೇಳಿಸಿದಾಗ ಮೊದಲ ಪ್ರತಿಕ್ರಿಯೆ "ಬೇಸ್ ಹೋಯ್ತಲ್ಲೋ" ಅಂತ. ಜೋರಾಗಿರುವುದೇ ಚೆನ್ನಾಗಿ ಕೇಳಿಸುತ್ತೆ, ಎಲ್ಲರ ಕಿವಿಯೂ ಹಾಗೆಯೇ. ಫಿಲ್ಟರ್ ಇರುವ, ಇಲ್ಲದ ಎರಡರ ವಾಲ್ಯೂಮನ್ನೂ ಪಿಂಕ್ ನಾಯ್ಸ್ (ಎಲ್ಲ ಸ್ವರವೂ ಬೆರೆತ ಪರೀಕ್ಷೆ ಸದ್ದು) ಹಾಕಿ ಸಮ ಮಾಡಿದೆ, ಯಾವುದು ಯಾವುದು ಅಂತ ಹೇಳದೆ 12 ಸಲ ಬದಲಿಸಿದೆ. ಅತಿ ಜಾಸ್ತಿ ವಾದ ಮಾಡುತ್ತಿದ್ದವನೇ 11 ಸಲ ಫಿಲ್ಟರ್ ಇರುವುದನ್ನು ಆರಿಸಿದ. ಸುಮ್ನೆ ಇರಲಿ ಅಂತ ಆ ದಪ್ಪ ಕೇಬಲ್ಲಿಗೂ ಇದೇ ಪರೀಕ್ಷೆ ಇಟ್ಟೆ. ಹಳೆ ಸಾದಾ ತಂತಿಗೂ ಅದಕ್ಕೂ ಯಾರಿಗೂ ವ್ಯತ್ಯಾಸ ಸಿಗಲಿಲ್ಲ, ಐದಾರು ಸರಿ, ಐದಾರು ತಪ್ಪು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತೆ.

ನಡುವೆ ಹಲವು ಕೋಣೆಗೆ ಹಾಡು ಹಂಚುವ ಸ್ನ್ಯಾಪ್‌ಕಾಸ್ಟ್ ಅನ್ನುವ ಸಾಫ್ಟ್‌ವೇರ್ ಕಡೆಗೂ ಹೋಗಿ ಬಂದೆ. ಒಂದೇ ಹಾಡು ಎರಡು ಕೋಣೆಯಲ್ಲಿ, ಬಾಗಿಲಲ್ಲಿ ನಿಂತರೂ ಎರಡು ಸದ್ದು ಒಂದೇ ಆಗಿ ಕೇಳಿಸುತ್ತೆ. ವೈಫೈನಲ್ಲಿ ಆಗಾಗ ತುಂಡಾಗುತ್ತಿತ್ತು, ತಂತಿ ಎಳೆದ ಮೇಲೆ ನಿಂತಿತು. ಅದರ ಬಫರ್ ಮೂಲದಲ್ಲೇ ಒಂದು ಸೆಕೆಂಡ್, ಹಾಗಾಗಿ ಸಿನಿಮಾಗೆ ಆಗುವುದಿಲ್ಲ. ಹಾಡಿಗೆ ಸಾಕು. ಎಸ್‌ಡಿ ಕಾರ್ಡ್ ಎರಡು ಹೋದವು, ಕರೆಂಟ್ ಹಾಗೇ ತೆಗೆದಿದ್ದಕ್ಕೆ. ಪೈಯ ಸೆಟ್ಟಿಂಗ್ ಬದಲಿಸುವ ರಾಸ್ಪಿ ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ (ಕಾರ್ಡಿಗೆ ಏನೂ ಬರೆಯದ ಹಾಗೆ ಮಾಡುವುದು) ಆನ್ ಮಾಡಿದ ಮೇಲೆ ಸ್ವಿಚ್ ಕಿತ್ತರೂ ತೊಂದರೆ ಆಗಿಲ್ಲ.

ಎರಡು ವಿಷಯ ಇಲ್ಲಿ ಬರೆದಿಲ್ಲ. ಮೈಕನ್ನು ಏಳು ಜಾಗದಲ್ಲಿ ಇಟ್ಟು ಸರಾಸರಿ ತೆಗೆಯುತ್ತೇನೆ, ಆ ಏಳು ಜಾಗ ಯಾವುವು ಅನ್ನುವುದು ಒಂದು. ಹಳೆ ಟ್ವೀಟರಿನ ಚೂಪು ಇಳಿಸಲು ಬೇರೆ ಕಡೆ ಹಾಕಿದ ಒಂದು ಪುಟ್ಟ ತಿದ್ದುಪಡಿ ಇನ್ನೊಂದು. ತಿಂಗಳುಗಟ್ಟಲೆ ಕೂತು ಕಂಡುಕೊಂಡಿದ್ದು, ಸದ್ಯ ನನ್ನ ಹತ್ತಿರವೇ ಇರಲಿ.

ಹೋದ ವಾರ ಆ 11 ಸಲದವನೇ ತನ್ನ ಮನೆಗೆ ಕರೆದ. ಮೈಕ್ ಹಿಡಿದು ಹೋದೆ. ಕೋಣೆ ಉದ್ದ 3.6 ಮೀಟರ್. ಲ್ಯಾಪ್‌ಟಾಪ್ ತೆರೆಯುವ ಮೊದಲೇ 48ರ ಹತ್ತಿರ ಉಬ್ಬು ಇರುತ್ತೆ ನೋಡು ಅಂದೆ. ಸ್ವೀಪ್ ಮುಗಿಯಿತು. 47ರಲ್ಲಿ ಇತ್ತು. ಅವನು ಏನೂ ಮಾತಾಡದೆ ಎದ್ದು ಹೋಗಿ ಕುರ್ಚಿಯನ್ನು ಗೋಡೆಯಿಂದ ಮುಂದಕ್ಕೆ ಎಳೆದ.