ದಾವಣಗೆರೆಯಲ್ಲಿ ಚಿಟ್ಟೆಮೀನಿಗೆ ಊಟ ಹಿಡಿಸಿದ ನನ್ನ ಅನುಭವ

ಕಡಲಿನಿಂದ ಇಷ್ಟು ದೂರದ ದಾವಣಗೆರೆಯಲ್ಲಿ ಕಾಪರ್‌ಬ್ಯಾಂಡ್ ಚಿಟ್ಟೆಮೀನಿಗೆ ಹಣ ಸುರಿಯುವುದು ವ್ಯರ್ಥ, ಅದು ಟ್ಯಾಂಕಿನಲ್ಲಿ ಏನನ್ನೂ ತಿನ್ನದೆ ಸಾಯುತ್ತದೆ ಎಂದು ಉಪ್ಪುನೀರಿನ ಮೀನು ಸಾಕುವ ಗೆಳೆಯರೆಲ್ಲ ಹೇಳುತ್ತಿದ್ದರು. ವಿದ್ಯಾನಗರದ ನಮ್ಮ ಮನೆಯಲ್ಲಿ ಅದೇ ಮೀನು ಈಗ ವರ್ಷ ದಾಟಿ ಮೈತುಂಬಿಕೊಂಡಿದೆ.

ಮೊದಲು ತರಿಸಿದವು ಉಳಿಯಲಿಲ್ಲ. ಸಾಗಣೆ ಸೇರಿ ಒಂದೊಂದಕ್ಕೆ ಮೂರು ಸಾವಿರದ ಆಸುಪಾಸು ಬಿದ್ದಿತ್ತು. ಮೀನಿನ ಆಹಾರದ ಗುಳಿಗೆ, ಆರ್ಟೀಮಿಯ ಎಂಬ ಪುಟ್ಟ ಉಪ್ಪುನೀರಿನ ಸೀಗಡಿ, ಸೀಗಡಿಯ ಚೂರು ಯಾವುದಕ್ಕೂ ಬಾಯಿ ಹಾಕದೆ, ಬೆನ್ನಿನ ಮಾಂಸ ಕರಗಿ, ಹೊಟ್ಟೆ ಒಳಸೇರಿ ಸತ್ತವು. ಮಾರಿದವರ ಮಾತಿನಂತೆ ಹಾಕಿದ ಔಷಧಿಗೂ ಸಾವಿರಾರು ರೂಪಾಯಿ ಹೋಯಿತು.

ಹವಳದ ದಿಬ್ಬದಲ್ಲಿ ಈ ಮೀನು ಹಗಲಿಡೀ ಉದ್ದ ಮೂತಿಯನ್ನು ಬಂಡೆಯ ಸಂದಿಗೆ ತೂರಿಸಿ ಸಣ್ಣ ಹುಳುಗಳನ್ನು ಹೆಕ್ಕುತ್ತಿರುತ್ತದೆ; ಮೇಲಿನಿಂದ ತೇಲಿಬರುವ ತುಣುಕನ್ನು ಅದು ಊಟವೆಂದೇ ಗುರುತಿಸುವುದಿಲ್ಲ. ಆದ್ದರಿಂದ ಮಂಗಳೂರಿನಿಂದ ರಾತ್ರಿ ಬಸ್ಸಿಗೆ ಐಸ್ ಪೆಟ್ಟಿಗೆಯಲ್ಲಿ ಮರುವಾಯಿ ಎಂಬ ಚಿಪ್ಪುಜೀವಿಯನ್ನು ತರಿಸಿ, ಚಿಪ್ಪು ಬಿಡಿಸಿ, ಮಾಂಸವಿರುವ ಅರ್ಧವನ್ನು ಸಂದಿಗೆ ಸಿಕ್ಕಿಸಿದೆ. ಮೀನು ಓರೆಯಾಗಿ ನಿಂತು ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡಿ ಹಿಂದೆ ಸರಿಯಿತು, ಮತ್ತೆ ಬಂದು ಮಾಂಸದ ಅಂಚನ್ನು ಕಿತ್ತು ಉಗುಳಿತು, ಉಗುಳಿದ್ದನ್ನೇ ಹೆಕ್ಕಿ ನುಂಗಿತು. ಅಂದಿನಿಂದ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪವೇ ಕೊಟ್ಟೆ. ಕೆಲವು ವಾರಗಳ ಬಳಿಕ ಖಾಲಿ ಚಿಪ್ಪಿಗೆ ಮೈಸಿಸ್ ಎಂಬ ಸೀಗಡಿಯಂಥ ಸಣ್ಣ ಜೀವಿಗಳನ್ನು ಮೆತ್ತಿದಾಗ ಅದನ್ನೂ ತಿಂದಿತು. ಮೆತ್ತಲು ಬಳಸುವ ಅಂಟಿನ ಪಾಕವನ್ನು ಮಾತ್ರ ಸದ್ಯಕ್ಕೆ ಹೇಳಲಾರೆ.

ಅದೇ ಟ್ಯಾಂಕಿನ ಟ್ಯಾಂಗ್ ಮೀನು ಚಿಪ್ಪಿಗೂ ಮುಗಿಬೀಳುತ್ತಿದ್ದರಿಂದ, ದಿನವಿಡೀ ಪಾಚಿ ಕೆರೆಯುವ ಅದರ ಸ್ವಭಾವಕ್ಕೆ ತಕ್ಕಂತೆ, ಎದುರು ಮೂಲೆಯಲ್ಲಿ ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಕ್ಲಿಪ್ಪಿಗೆ ಕಟ್ಟಿದೆ, ಜಗಳ ನಿಂತಿತು. ಹಗಲು ಸಂದಿಯಲ್ಲಿ ಅಡಗುವ ಕಾರ್ಡಿನಲ್ ಮೀನುಗಳಿಗೆ ದೀಪ ಆರಿಸಿದ ಮೇಲೆ, ಮಂದ ಕೆಂಪು ಬೆಳಕಿನಲ್ಲಿ ಮೈಸಿಸ್ ಬಿಟ್ಟು ನೋಡಿದೆ. ಹಗಲಿಗಿಂತ ಎರಡು ಪಟ್ಟು ತಿಂದವೆಂದು ನನ್ನ ಅಂದಾಜು.

ಇಷ್ಟು ಬಾರಿ ಉಣಿಸಿದರೆ ಮಿಕ್ಕ ಆಹಾರ, ಮೀನಿನ ಮಲ ಕೊಳೆತು ನೀರಿನಲ್ಲಿ ನೈಟ್ರೇಟ್ ಏರುವುದು ಖಂಡಿತ. ಮಿಕ್ಕ ಮಾಂಸವನ್ನು ಎರಡು ಗಂಟೆಯೊಳಗೆ ತೆಗೆದುಬಿಡುತ್ತೇನೆ, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರನ್ನು ಒಂದು ಅಳತೆ ದೊಡ್ಡದಕ್ಕೆ ಬದಲಾಯಿಸಿದ್ದೇನೆ. ಉಪ್ಪು, ಆರ್‌ಒ ನೀರು, ಮರುವಾಯಿ ಸೇರಿ ತಿಂಗಳಿಗೆ ನಾಲ್ಕು ಸಾವಿರದಷ್ಟಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರನ್ನು ತಂಪಾಗಿಡುವ ಚಿಲ್ಲರಿನ ಕರೆಂಟ್ ಬಿಲ್ಲು ಇದಕ್ಕೆ ಹೊರತು.