‘ಸ್ಟೈಮೀಡ್’ ಅಂದ್ರೆ ಲೇಟಾಯ್ತು ಅಂತಲ್ಲ

ಈ ಇಂಗ್ಲಿಷ್ ಪದವನ್ನು ನಾನು ಮೊದಲು ಬಳಸಿದ್ದು ಬಸ್ಸಿನಲ್ಲಿ ಕೂತು. ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ಕದಲುತ್ತಿರಲಿಲ್ಲ. ‘ಐ ಆಮ್ ಸ್ಟೈಮೀಡ್ ಬೈ ಟ್ರಾಫಿಕ್’ ಅಂತ ಆಫೀಸಿಗೆ ಮೇಲ್ ಹಾಕಿದೆ. 40 ನಿಮಿಷ ಬಿಟ್ಟು ಆಫೀಸಿಗೆ ಹೋಗಿ ಕೂತರೆ ಪಕ್ಕದ ಸೀಟಿನವಳು ನಕ್ಕಳು: ‘ಬಂದೇ ಬಿಟ್ಯಲ್ಲ, ಸ್ಟೈಮೀಡ್ ಹೆಂಗಾಯ್ತು?’

ಅವಳು ಹೇಳಿದ್ದು ಸರಿ. ತಡವಾದರೆ ಅದು ‘ಡಿಲೇ’. ಮುಂದೆ ಹೋಗೋಕೆ ದಾರಿಯೇ ಇಲ್ಲದಂತೆ ಏನೋ ಅಡ್ಡ ಕೂತರೆ ಆಗ ‘ಸ್ಟೈಮಿ’.

ಪದ ಬಂದಿದ್ದು ಗಾಲ್ಫ್‌ನಿಂದ. ನಮ್ಮೂರಲ್ಲಿ 1876ರಲ್ಲೇ ಗಾಲ್ಫ್ ಕ್ಲಬ್ ಶುರುವಾಗಿದೆ ನಿಜ, ಆದರೆ ಸ್ಯಾಂಕಿ ರೋಡಲ್ಲಿ ಹೋಗುವಾಗ ಹೊರಗಿಂದ ಇಣುಕಿದ್ದು ಬಿಟ್ಟರೆ ನನಗೂ ಆ ಆಟಕ್ಕೂ ಸಂಬಂಧ ಇಲ್ಲ, ಅದಕ್ಕೆ ಕ್ಯಾರಂನಲ್ಲಿ ಹೇಳ್ತೀನಿ. ನಿಮ್ಮ ಬಿಳಿ ಕಾಯಿ ಪಾಕೆಟ್ಟಿಗೆ ನೇರ ಇದೆ, ಆದರೆ ಎದುರಾಳಿಯ ಕರಿ ಕಾಯಿ ಮಧ್ಯದಲ್ಲಿ ಅಲ್ಲಾಡದೆ ಕೂತಿದೆ. ಗಾಲ್ಫ್‌ನಲ್ಲೂ ಹಾಗೇ, ನಿಮ್ಮ ಚೆಂಡಿಗೂ ಗುಳಿಗೂ ನಡುವೆ ಅವನ ಚೆಂಡು ಇದ್ದರೆ ಅದೇ ಸ್ಟೈಮಿ. ಎರಡು ಚೆಂಡಿನ ನಡುವೆ 6 ಇಂಚಿಗಿಂತ ಜಾಸ್ತಿ ದೂರ ಇದ್ದರೆ ಅವನ ಚೆಂಡನ್ನು ಎತ್ತಿಸುವ ಹಾಗಿರಲಿಲ್ಲ. ಸುತ್ತು ಹಾಕಿ ಹೊಡೀಬೇಕು, ಇಲ್ಲಾ ಮೇಲಿಂದ ಹಾರಿಸಬೇಕು. 1952ರಲ್ಲಿ ಈ ನಿಯಮವನ್ನೇ ತೆಗೆದು ಹಾಕಿದರು. ಆಟದಿಂದ ಹೋಯ್ತು, ಭಾಷೆಯಲ್ಲಿ ಉಳೀತು.

ಗಮನಿಸಿ, ಆ ಕರಿ ಕಾಯಿಗೆ ನಿಮ್ಮ ಮೇಲೆ ದ್ವೇಷ ಏನಿಲ್ಲ, ಸುಮ್ನೆ ಅಲ್ಲಿದೆ ಅಷ್ಟೆ. ‘ಥ್ವಾರ್ಟ್’ ಹಾಗಲ್ಲ, ಅಲ್ಲಿ ಸಾಮಾನ್ಯವಾಗಿ ಯಾರೋ ಬೇಕಂತಲೇ ಅಡ್ಡಗಾಲು ಹಾಕಿರ್ತಾರೆ. ಸಂಚು, ಕಳ್ಳತನ ಇವನ್ನು ಪೊಲೀಸರು ‘ಫಾಯಿಲ್’ ಮಾಡ್ತಾರೆ, ಅಂದ್ರೆ ನಡೆಯದ ಹಾಗೆ ತಡೀತಾರೆ. ಮನುಷ್ಯ ‘ಫ್ರಸ್ಟ್ರೇಟೆಡ್’ ಅಂದರೆ ಜಾಸ್ತಿ ಕಾಣೋದು ಅವನ ಸಿಡಿಮಿಡಿ. ಸ್ಟೈಮೀಡ್ ಆದವನಿಗೆ ಸಿಟ್ಟು ಬರಲೇಬೇಕು ಅಂತಿಲ್ಲ, ಕೆಲಸ ನಿಂತಿದ್ದರೆ ಸಾಕು.

ಬಳಸೋದು ಹೆಚ್ಚಾಗಿ ‘ಬೈ’ ಜೊತೆ. ‘ಮೈ ಖಾತಾ ಅಪ್ಲಿಕೇಶನ್ ವಾಸ್ ಸ್ಟೈಮೀಡ್ ಬೈ ಎ ಮಿಸ್ಸಿಂಗ್ ಟ್ಯಾಕ್ಸ್ ರಿಸೀಟ್’, ಇದು ನಮ್ಮನೆಯದೇ ಕಥೆ. ‘ಸ್ಟೈಮೀಡ್ ಫ್ರಮ್ ಗೋಯಿಂಗ್’ ಅಂತ ಬರೀಬೇಡಿ, ಆ ‘ಫ್ರಮ್’ ಬೇಕಿರೋದು ‘ಪ್ರಿವೆಂಟ್’ಗೆ. ಸ್ಪೆಲಿಂಗ್‌ನಲ್ಲಿ ‘ಟಿ’ ಆದ ಮೇಲೆ ‘ವೈ’, ಕೊನೆಗೆ ‘ಐ ಇ’. ‘ಇಂಗ್’ ಸೇರಿಸುವಾಗ ‘ಐ ಇ’ ಉಳಿಸಿಕೊಂಡರೂ ಸರಿ, ಅದರ ಬದಲು ಒಂದು ‘ವೈ’ ಹಾಕಿದರೂ ಸರಿ. ನಾನಂತೂ ಆ ರೂಪದ ತಂಟೆಗೇ ಹೋಗಲ್ಲ.

ಅಂದ ಹಾಗೆ ಆ ರಸೀದಿ ಸಿಕ್ಕಿತು, ಅಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆ ಮಡಿಕೆಯೊಳಗೆ. ಈಗ ನಮ್ಮ ಖಾತಾ ಸ್ಟೈಮೀಡ್ ಅಲ್ಲ, ಬರೀ ಡಿಲೇಡ್.