ಸ್ನಾಗ್ ಅಂದರೆ ಬರೀ ಮುತ್ತಲ್ಲ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಇ-ವೀಸಾ, ಕೆಲಸಕ್ಕೆ ಬೇಕಾಗೋ ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರ್, ಜಿಪಿ ಅಂದರೆ ಏರಿಯಾದ ಡಾಕ್ಟರ್ ಹತ್ತಿರ ಹೆಸರು ಬರೆಸೋದು, ಇವೆಲ್ಲ ಸರ್ಕಾರಿ ವೆಬ್‌ಸೈಟಿನಲ್ಲೇ ಇವೆ, ಬಂದ ವಾರದಲ್ಲೇ ಮುಗಿಸಿ. ಅಲ್ಲೆಲ್ಲೂ ಹೇಳಿಕೊಡದ ಒಂದು ಪದ ಇದೆ. ಸ್ನಾಗ್.

ಕೆನ್ನೆಗೆ ತುಟಿ ತಾಗಿಸಿದರೆ ಅದು ಪೆಕ್. ಸ್ನಾಗ್ ಅಂದರೆ ಪ್ರೇಮಿಗಳು ತಬ್ಬಿಕೊಂಡು, ಪಕ್ಕದಲ್ಲಿ ಜನ ಇದ್ದಾರೆ ಅನ್ನೋದನ್ನೂ ಮರೆತು, ತುಟಿಗೆ ತುಟಿ ಕೊಟ್ಟು ಬಹಳ ಹೊತ್ತು ಮುತ್ತಿಡೋದು. ಕೇಳೋಕೆ ತಮಾಷೆಯಾಗಿದೆ, ಪೇಪರಿನವರೂ ಧಾರಾಳವಾಗಿ ಬಳಸುತ್ತಾರೆ, ಅದಕ್ಕೇ ನಮ್ಮವರು ಮೋಸ ಹೋಗೋದು. "ಮಗುಗೊಂದು ಸ್ನಾಗ್ ಕೊಟ್ಟು ಬಂದೆ" ಅಂತ ಆಫೀಸಿನಲ್ಲಿ ಹೇಳಿದಿರೋ, ಕತೆ ಮುಗೀತು. ಮಗು, ಅಮ್ಮ, ಅತ್ತೆ, ಯಾರಿಗೂ ಈ ಪದ ಬೇಡ. ಮೆಸೇಜಿನ ಕೊನೆಗೆ ಹಾಕೋ ಎಕ್ಸ್ (x) ಅಕ್ಷರ ಕೂಡ ಮುತ್ತೇ, ಆದರೆ ಅದು ಸಾಮಾನ್ಯವಾಗಿ ಬರೀ ಸ್ನೇಹದ್ದು. ಕಸದ ಬಿನ್ ಯಾವತ್ತು ಹೊರಗಿಡಬೇಕು ಅಂತ ತಿಳಿಸುವಾಗಲೂ ಪಕ್ಕದ ಮನೆಯಾಕೆ ಹಾಕುತ್ತಾರೆ, ಗಾಬರಿ ಬೇಡ.

ಪದ ತುಂಬ ಹಳೆಯದೇನಲ್ಲ. ಬರಹದಲ್ಲಿ ಕಾಣಿಸಿಕೊಂಡಿದ್ದು 1945ರ ಸುಮಾರಿಗೆ. ಮೂಲ ಗೊತ್ತಿಲ್ಲ ಅಂತ ನಿಘಂಟುಗಳೇ ಕೈಚೆಲ್ಲಿವೆ. ಬೆಚ್ಚಗೆ ಒತ್ತಿಕೊಂಡು ಕೂರೋದಕ್ಕೆ ಸ್ನಗ್ ಅಂತಾರಲ್ಲ, ಅದರ ನೆಂಟ ಇರಬಹುದು ಅಂತ ಕೆಲವರ ಊಹೆ. ಅಮೆರಿಕದಲ್ಲಿ ಇದಕ್ಕೆ ಮೇಕ್ ಔಟ್ ಅಂತಾರೆ, ಆಸ್ಟ್ರೇಲಿಯಾದಲ್ಲಿ ಪ್ಯಾಶ್, ಅದು ಪ್ಯಾಷನ್ ಮೊಟಕಾಗಿ ಬಂದಿದ್ದು.

ಹೈಸ್ಕೂಲಿಗೆ ಹೋಗೋ ಮಗಳಿದ್ದರೆ ಒಂದಲ್ಲ ಒಂದು ದಿನ ಸಾರನ್ನ ಕಲಸುತ್ತಾ, ಸ್ಕೂಲ್ ಡಿಸ್ಕೋದಲ್ಲಿ ಯಾರು ಯಾರನ್ನು ಸ್ನಾಗ್ ಮಾಡಿದರು ಅಂತ ವರದಿ ಒಪ್ಪಿಸುತ್ತಾಳೆ. ಬೈಯಬೇಡಿ. ಬೈದರೆ ನಾಳೆಯಿಂದ ಹೇಳೋದನ್ನು ಬಿಡುತ್ತಾಳೆ, ಅಷ್ಟೇ. ಇಂಗ್ಲೆಂಡಿನ ಹೈಸ್ಕೂಲುಗಳಲ್ಲಿ 2020ರಿಂದ ಸಂಬಂಧ ಮತ್ತು ಲೈಂಗಿಕ ಶಿಕ್ಷಣ ಕಡ್ಡಾಯ, ಆ ವಯಸ್ಸಿನಲ್ಲಿ ನಮಗಿದ್ದದ್ದಕ್ಕಿಂತ ಜಾಸ್ತಿ ತಿಳಿವಳಿಕೆ ಅವರಿಗಿದೆ. ನನ್ನ ಸಂಕಟ ಬೇರೆ. ಮನೆಯ ಕನ್ನಡದಲ್ಲಿ ಊಟ ಇದೆ, ಸ್ನಾನ ಇದೆ, ಹೋಮ್‌ವರ್ಕ್ ಬೈಗುಳ ಬೇಕಾದಷ್ಟಿದೆ, ಪ್ರೀತಿಸೋರ ಮಾತು ಮಾತ್ರ ಇಲ್ಲ. ನಾವೇ ಅಪ್ಪ ಅಮ್ಮನ ಮುಂದೆ ಅದನ್ನು ಆಡಿದವರಲ್ಲ, ಮಕ್ಕಳಿಗೆ ಎಲ್ಲಿಂದ ಕೊಡೋಣ? ಅವರ ಮೊದಲ ಪ್ರೇಮ, ಅದರ ಜಗಳ, ಅಳು ಎಲ್ಲ ಇಂಗ್ಲಿಷಿನಲ್ಲೇ ನಡೆದುಹೋಗುತ್ತೆ. ಅದೇನು ಕಮ್ಮಿ ನಷ್ಟವಾ?

ಊರಿಂದ ಅಜ್ಜಿ ಬಂದಿದ್ದಾಗ ಇನ್ನೂ ಹುಷಾರು. "ಏನೇ ಅದು ಸ್ನಾಗು?" ಅಂತ ಕೇಳೇ ಕೇಳುತ್ತಾರೆ. ಸುಮ್ನೆ "ಮುತ್ತು" ಅಂದು ತಪ್ಪಿಸಿಕೊಳ್ಳಬೇಡಿ. ಮಾರನೇ ದಿನ ಸ್ಕೂಲ್ ಗೇಟಿನ ಹತ್ತಿರ, ಎಲ್ಲರ ಮುಂದೆ, ಮೊಮ್ಮಗಳನ್ನು ಕರೆದು ಒಂದು ಸ್ನಾಗ್ ಕೊಟ್ಟು ಹೋಗು ಪುಟ್ಟಿ ಅಂದುಬಿಡುತ್ತಾರೆ.